ಅಕ್ಕಿ ಸಾಗಣೆಗೆ ಬಾಡಿಗೆಯೂ ಕಮ್ಮಿ, ಹೊತ್ತೂ ಕಮ್ಮಿ: ಫಜಿ ಗೋಲ್ ಪ್ರೋಗ್ರಾಮಿಂಗ್ ಕೂರಿಸುವುದು ಹೇಗೆ?

ಗಂಗಾವತಿ_ಡಿಸ್ಪ್ಯಾಚ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೂರು ಕಡೆ ಮಿಲ್ ಸ್ಟಾಕ್ ಇದೆ: ಗಂಗಾವತಿ 120 ಟನ್, ಸಿಂಧನೂರು 100, ಸಿರುಗುಪ್ಪ 80. ಬೇಡಿಕೆಯೂ ಮೂರು ಕಡೆ: ಕೊಪ್ಪಳ 80, ರಾಯಚೂರು 120, ಬಳ್ಳಾರಿ 100. ಎರಡೂ ಕಡೆ ಮೊತ್ತ 300 ಟನ್, ಹಾಗಾಗಿ ವ್ಯತ್ಯಾಸ ತುಂಬಿಸೋ ಡಮ್ಮಿ ಸಾಲು ಬೇಕಿಲ್ಲ.

ಟನ್ನಿಗೆ ಬಾಡಿಗೆ, ಹಮಾಲಿ ಸೇರಿ ರೂಪಾಯಿಯಲ್ಲಿ (ಕೊಪ್ಪಳ, ರಾಯಚೂರು, ಬಳ್ಳಾರಿ ಅನುಕ್ರಮ):
ಗಂಗಾವತಿಯಿಂದ 400, 900, 700
ಸಿಂಧನೂರಿನಿಂದ 800, 600, 750
ಸಿರುಗುಪ್ಪದಿಂದ 850, 800, 450

ಲಾರಿ ಗೊತ್ತು ಮಾಡಿದ ಹೊತ್ತಿನಿಂದ ಮಾಲು ಖಾಲಿ ಆಗೋವರೆಗೆ ಗಂಟೆ, ಅದೇ ಅನುಕ್ರಮ:
ಗಂಗಾವತಿಯಿಂದ 9, 8, 6
ಸಿಂಧನೂರಿನಿಂದ 5, 7, 6
ಸಿರುಗುಪ್ಪದಿಂದ 7, 5, 8

ಅಗ್ಗದ ದಾರಿಗಳಲ್ಲೇ ಹೊತ್ತು ಜಾಸ್ತಿ, ಯಾಕಂದ್ರೆ ಅಲ್ಲಿ ಸಿಗೋದು ರಿಟರ್ನ್ ಲೋಡ್ ಲಾರಿ. ಅದು ಬರೋವರೆಗೆ ಕಾಯಲೇಬೇಕು.

ಒಂದು ಟನ್-ಗಂಟೆಗೆ (ಟನ್ ಗುಣಿಸು ಗಂಟೆ) ಇಷ್ಟು ರೂಪಾಯಿ ಅಂತ ಬೆಲೆ ಕಟ್ಟಿ ಎರಡನ್ನೂ ಒಂದೇ ಮೊತ್ತಕ್ಕೆ ಸೇರಿಸಿ ಎಕ್ಸೆಲ್‌ನ ಸಾಲ್ವರ್‌ಗೆ (ಅತ್ಯುತ್ತಮ ಹಂಚಿಕೆ ಹುಡುಕೋ ಸಾಧನ) ಕೊಟ್ಟರೆ ಉತ್ತರ ಒಂದು ತುದಿಯಿಂದ ಇನ್ನೊಂದಕ್ಕೆ ಹಾರುತ್ತೆ. 100 ರೂ. ಹಾಕಿದರೆ ಖರ್ಚು 1,63,000, ಹೊತ್ತು 2,240 ಟನ್-ಗಂಟೆ. 110 ಹಾಕಿದರೆ ಖರ್ಚು 2,14,000, ಹೊತ್ತು 1,760. ನಡುವಿನದು ಬರೋದೇ ಇಲ್ಲ. ಹಲವು ಗುರಿಗಳನ್ನು ಎಷ್ಟೆಷ್ಟು ಮುಟ್ಟಿದೆವು ಅಂತ ಅಳೆಯೋ ಫಜಿ ಗೋಲ್ ಪ್ರೋಗ್ರಾಮಿಂಗ್‌ನಲ್ಲಿ ಇದಕ್ಕೆ ಪರಿಹಾರ ಇದೆ ಅಂತ ಓದಿದ್ದೇನೆ. ಎಕ್ಸೆಲ್‌ನಲ್ಲೇ ಕೂರಿಸೋದು ಹೇಗೆ? ಲಾರಿ 10 ಟನ್ನಿನವು, ಅರ್ಧ ಲೋಡ್ ಕಳಿಸೋ ಹಾಗಿಲ್ಲ.

ರಾಯಚೂರು_ಓಆರ್ ಉತ್ತರ:

ನಿಮ್ಮ ಸಾಲ್ವರ್ ಸರಿಯಾಗೇ ಇದೆ. ಲೀನಿಯರ್ ಪ್ರೋಗ್ರಾಮ್‌ನ (ಉದ್ದೇಶ, ನಿಬಂಧನೆ ಎಲ್ಲ ನೇರ ಗೆರೆಯ ಲೆಕ್ಕದಲ್ಲಿರುವ ಮಾದರಿ) ಉತ್ತರ ಯಾವಾಗಲೂ ಸಾಧ್ಯವಿರುವ ಹಂಚಿಕೆಗಳ ಒಂದು ಮೂಲೆಯಲ್ಲಿ ಸಿಗುತ್ತದೆ. ನೀವು ಹೇಳಿದ ಎರಡು ಉತ್ತರಗಳು ಅಕ್ಕಪಕ್ಕದ ಎರಡು ಮೂಲೆಗಳು. ಒಂದರಿಂದ ಇನ್ನೊಂದಕ್ಕೆ ಹೋದರೆ ಖರ್ಚು 51,000 ಏರುತ್ತದೆ, ಹೊತ್ತು 480 ಇಳಿಯುತ್ತದೆ. ಅಂದರೆ ಟನ್-ಗಂಟೆಗೆ 106.25 ರೂ. ಬೆಲೆ ಅದಕ್ಕಿಂತ ಕಡಿಮೆ ಇದ್ದರೆ ಈ ಮೂಲೆ, ಜಾಸ್ತಿ ಇದ್ದರೆ ಆ ಮೂಲೆ. ನಿಮಗೆ ಬೇಕಾದ ಉತ್ತರ ಎರಡು ಮೂಲೆಗಳ ನಡುವಿನ ಅಂಚಿನ ಮೇಲಿದೆ. ತೂಕ (ಇಲ್ಲಿ ಟನ್-ಗಂಟೆಯ ಬೆಲೆ) ಹಾಕಿ ಕೂಡಿಸುವ ವಿಧಾನದಲ್ಲಿ ಎಷ್ಟೇ ತೂಕ ಬದಲಿಸಿದರೂ ಅದು ಸಿಗುವುದಿಲ್ಲ.

ಫಜಿ ಸೆಟ್ (ಸೇರಿದೆ, ಇಲ್ಲ ಅನ್ನದೆ 0ಯಿಂದ 1ರವರೆಗೆ ಎಷ್ಟು ಸೇರಿದೆ ಅನ್ನುವುದು) ಅನ್ನುವ ಕಲ್ಪನೆ ಜಾದೆ 1965ರಲ್ಲಿ ಕೊಟ್ಟದ್ದು. ಹಲವು ಉದ್ದೇಶಗಳ ಲೀನಿಯರ್ ಪ್ರೋಗ್ರಾಮಿಂಗ್‌ಗೆ ಅದನ್ನು 1978ರಲ್ಲಿ ಹೊಂದಿಸಿದವರು ಜಿಮ್ಮರ್ಮನ್. ನಿಮಗೆ ಮೊದಲು ಬೇಕಾಗಿರುವುದು ಅವರ ಮ್ಯಾಕ್ಸ್-ಮಿನ್ ರೂಪ. ಪ್ರತಿ ಉದ್ದೇಶಕ್ಕೂ 0ಯಿಂದ 1ರವರೆಗೆ ಒಂದು ತೃಪ್ತಿ ಮಟ್ಟ ಕೊಡಬೇಕು, ಆಮೇಲೆ ಅವುಗಳಲ್ಲಿ ಅತಿ ಕಡಿಮೆ ಇರುವುದನ್ನು ಎಷ್ಟು ಸಾಧ್ಯವೋ ಅಷ್ಟು ಮೇಲಕ್ಕೆತ್ತಬೇಕು.

ಮೊದಲು ಖರ್ಚನ್ನು ಮಾತ್ರ ಕನಿಷ್ಠ ಮಾಡಿ. 1,60,000 ಬರುತ್ತದೆ, ಆ ಹಂಚಿಕೆಯಲ್ಲಿ ಹೊತ್ತು 2,340. ಆಮೇಲೆ ಹೊತ್ತನ್ನು ಮಾತ್ರ ಕನಿಷ್ಠ ಮಾಡಿ. 1,700 ಬರುತ್ತದೆ, ಖರ್ಚು 2,28,000. ಹೀಗೆ ಖರ್ಚಿನ ತೃಪ್ತಿ 1,60,000ದಲ್ಲಿ ಪೂರ್ಣ 1, 2,28,000ದಲ್ಲಿ 0. ಹೊತ್ತಿನ ತೃಪ್ತಿ 1,700ರಲ್ಲಿ 1, 2,340ರಲ್ಲಿ 0. ನಡುವೆ ನೇರ ಗೆರೆ.

ಈಗ ಲ್ಯಾಮ್ಡಾ ಅಂತ ಒಂದು ಹೊಸ ಸೆಲ್ ಇಟ್ಟು ಅದನ್ನು ಗರಿಷ್ಠ ಮಾಡಿ. ಸಾಗಣೆಯ ಮಾಮೂಲಿ ನಿಬಂಧನೆಗಳ ಜೊತೆ ಎರಡೇ ಸಾಲು ಹೆಚ್ಚು:

ಖರ್ಚು + 68,000 × ಲ್ಯಾಮ್ಡಾ ≤ 2,28,000
ಹೊತ್ತು + 640 × ಲ್ಯಾಮ್ಡಾ ≤ 2,340

ಉತ್ತರದಲ್ಲಿ ಲ್ಯಾಮ್ಡಾ 0.556, ಖರ್ಚು ಸುಮಾರು 1,90,188, ಹೊತ್ತು 1,984. ಹಂಚಿಕೆ ಹೆಚ್ಚುಕಮ್ಮಿ ಹೀಗೆ: ಗಂಗಾವತಿಯಿಂದ ಕೊಪ್ಪಳಕ್ಕೆ 48, ಬಳ್ಳಾರಿಗೆ 72; ಸಿಂಧನೂರಿನಿಂದ ಕೊಪ್ಪಳಕ್ಕೆ 32, ರಾಯಚೂರಿಗೆ 68; ಸಿರುಗುಪ್ಪದಿಂದ ರಾಯಚೂರಿಗೆ 52, ಬಳ್ಳಾರಿಗೆ 28.

ಸಾಲ್ವರ್ ನಿಮಗೆ 31.985 ತರಹದ ಅಂಕಿ ತೋರಿಸುತ್ತದೆ. ಬರಿಯ ಸಾಗಣೆ ಸಮಸ್ಯೆಯಲ್ಲಿ ಸ್ಟಾಕ್, ಬೇಡಿಕೆ ಪೂರ್ಣಾಂಕವಾಗಿದ್ದರೆ ಮೂಲೆಯ ಉತ್ತರವೂ ತಾನಾಗಿ ಪೂರ್ಣಾಂಕವೇ. ಈ ಎರಡು ಸಾಲು ಸೇರಿದ ಕೂಡಲೇ ಆ ಗುಣ ಹೋಗುತ್ತದೆ. ಲಾರಿ ಲೆಕ್ಕ ಬೇಕಿದ್ದರೆ ಪೂರ್ಣಾಂಕ ನಿಬಂಧನೆಯನ್ನು ನೀವೇ ಹಾಕಬೇಕು. ದಶಮಾಂಶ ಬಂದ ಉತ್ತರವನ್ನು ಕೈಯಿಂದ ದುಂಡಗೆ ಮಾಡಿದರೆ ಒಂದು ಮಿಲ್‌ನ ಸ್ಟಾಕ್ ಮೀರಬಹುದು, ಇಲ್ಲವೇ ಒಂದು ಕಡೆಯ ಬೇಡಿಕೆ ತಪ್ಪಬಹುದು.

ಗಂಗಾವತಿ_ಡಿಸ್ಪ್ಯಾಚ್:

ತುಂಬಾ ಉಪಕಾರ ಸರ್. ಎರಡು ತೃಪ್ತಿ ಮಟ್ಟವನ್ನೂ ಬೇರೆ ಬೇರೆ ಸೆಲ್‌ನಲ್ಲಿಟ್ಟು ಮಿನ್ ಫಂಕ್ಷನ್‌ನಿಂದ ಕಡಿಮೆಯದನ್ನು ತೆಗೆದು ಅದನ್ನೇ ಗರಿಷ್ಠ ಮಾಡು ಅಂದರೆ, ಸಾಲ್ವರ್‌ನ ಸಿಂಪ್ಲೆಕ್ಸ್ (ಲೀನಿಯರ್ ಲೆಕ್ಕದ) ಆಯ್ಕೆಯಲ್ಲಿ ಲೀನಿಯರ್ ಅಲ್ಲ ಅನ್ನೋ ಸಂದೇಶ ಬರುತ್ತೆ. ಪೂರ್ಣಾಂಕ ಹಾಕಿದ ಮೇಲೆ ಖರ್ಚು 1,90,000, ಹೊತ್ತು 2,000 ಬಂತು. ಇದು ಸರಿಯಾ?

ಸಿರುಗುಪ್ಪ_ಲೋಡ್ ಉತ್ತರ:

ಮಿನ್ ಫಂಕ್ಷನ್ ಹಾಕಬ್ಯಾಡ್ರಿ ಅಣ್ಣಾರ. ಮಿನ್, ಇಫ್, ರೌಂಡ್ ಈ ಮೂರೂ ಸಿಂಪ್ಲೆಕ್ಸಿಗೆ ಒಗ್ಗಂಗಿಲ್ಲ. ಲ್ಯಾಮ್ಡಾನ ಖಾಲಿ ಸೆಲ್ಲಿನ್ಯಾಗ ಬಿಡ್ರಿ, ಅದನ್ನೂ ಬದಲಾಗೋ ಸೆಲ್ಲಿನ ಪಟ್ಟಿಗೆ ಸೇರಿಸ್ರಿ, ಮ್ಯಾಲಿನ ಎರಡು ಸಾಲು ನಿಬಂಧನೆ ಆಗಿ ಬರೀರಿ. ಖರ್ಚು, ಹೊತ್ತು ಎರಡೂ ಗುಣಿಸಿ ಕೂಡಿಸೋ ಸಮ್‌ಪ್ರಾಡಕ್ಟ್ ಫಂಕ್ಷನ್‌ನಿಂದ ಬರಲಿ. ಲಾರಿಗೆ ಒಂಬತ್ತು ಸೆಲ್ ಬ್ಯಾರೆ ಮಾಡ್ರಿ, ಅವನ್ನ ಪೂರ್ಣಾಂಕ ಅಂತ ಹೇಳ್ರಿ, ಟನ್ ಅಂದ್ರ ಲಾರಿ ಸಂಖ್ಯೆ ಗುಣಿಲೆ 10. ಟನ್ನಿನ ಸೆಲ್ಲನ್ನೇ ಪೂರ್ಣಾಂಕ ಮಾಡಿದ್ರ 48 ಟನ್ ಅಂತ ಬರ್ತೈತಿ, ಐದನೇ ಲಾರಿ 8 ಟನ್ನಿಗೆ ಹೊರಡತೈತಿ.

ರೂಪಾಯಿ ಸಾಲಿನ್ಯಾಗ ಲಕ್ಷದ ಅಂಕಿ, ಲ್ಯಾಮ್ಡಾ ಒಂದರ ಒಳಗ. ಇಷ್ಟು ಅಂತರ ಇದ್ರ ಸಾಲ್ವರ್ ಸಣ್ಣ ತಪ್ಪನ್ನ ನುಂಗಿಬಿಡ್ತೈತಿ. ಖರ್ಚನ್ನ ಸಾವಿರದ ಲೆಕ್ಕಕ್ಕ ಇಳಿಸ್ರಿ, ನಿಬಂಧನೆ 68 × ಲ್ಯಾಮ್ಡಾ, 228 ಅಂತ ಆಗ್ತೈತಿ.

ಇನ್ನೊಂದು ಎಲ್ಲಾರೂ ಮರೆಯೋ ಸಂಗತಿ. ಎಕ್ಸೆಲ್ ಸಾಲ್ವರ್ ಆಯ್ಕೆಗಳೊಳಗ ಇಂಟಿಜರ್ ಆಪ್ಟಿಮಾಲಿಟಿ ಅಂತ ಐತಿ, ಅದು ಮೊದಲಿಂದನ 1 ಪರ್ಸೆಂಟಿಗೆ ಇರ್ತೈತಿ. ಅಂದ್ರ ಒಂದು ಪರ್ಸೆಂಟ್ ಹತ್ರ ಬಂದ್ರ ಸಾಕು ಅಂತ ಹುಡುಕೋದು ನಿಲ್ಲಿಸಿಬಿಡ್ತೈತಿ. ಅದನ್ನ 0 ಮಾಡ್ರಿ. ಇಲ್ಲಾಂದ್ರ ಲಿಬ್ರೆಆಫೀಸ್‌ನ ಲೀನಿಯರ್ ಸಾಲ್ವರ್ ಸಾಕು, ಇಷ್ಟು ಸಣ್ಣ ಲೆಕ್ಕ ಕಣ್ಣು ಮುಚ್ಚಿ ತೆಗೆಯೋದ್ರಾಗ ಮುಗೀತೈತಿ.

ಈಗ ನಿಮ್ಮ 1,90,000. ಲ್ಯಾಮ್ಡಾ ಬರೋಬ್ಬರಿ ಐತಿ, ಹಂಚಿಕೆ ಬರೋಬ್ಬರಿ ಇಲ್ಲ. ಇದನ್ನ ನೋಡ್ರಿ:

ಗಂಗಾವತಿಯಿಂದ ಕೊಪ್ಪಳಕ್ಕ 50, ಬಳ್ಳಾರಿಗೆ 70
ಸಿಂಧನೂರಿನಿಂದ ಕೊಪ್ಪಳಕ್ಕ 30, ರಾಯಚೂರಿಗೆ 70
ಸಿರುಗುಪ್ಪದಿಂದ ರಾಯಚೂರಿಗೆ 50, ಬಳ್ಳಾರಿಗೆ 30

ಖರ್ಚು 1,88,500, ಹೊತ್ತು ಅದೇ 2,000. ಎಲ್ಲಾ ತುಂಬಿದ ಲಾರಿ. 1,500 ರೂಪಾಯಿ ಸುಮ್ಮನ ಉಳೀತು.

ರಾಯಚೂರು_ಓಆರ್:

ಮೇಲಿನ ಉತ್ತರಕ್ಕೆ ಕಾರಣ ಸೇರಿಸುತ್ತೇನೆ, ಯಾಕೆಂದರೆ ಮ್ಯಾಕ್ಸ್-ಮಿನ್ ವಿಧಾನದ ದೊಡ್ಡ ದೋಷ ಇಲ್ಲೇ ಕಾಣುತ್ತದೆ. 10 ಟನ್ನಿನ ಲೋಡ್‌ಗಳಲ್ಲಿ ಮುಟ್ಟಬಹುದಾದ ಅತಿ ಹೆಚ್ಚಿನ ಲ್ಯಾಮ್ಡಾ 0.53125. ಅದನ್ನು ತೀರ್ಮಾನಿಸುವುದು ಹೊತ್ತು: (2,340 − 2,000) ಭಾಗಿಸು 640. ಖರ್ಚಿನ ತೃಪ್ತಿ ಅದಕ್ಕಿಂತ ಮೇಲಿದ್ದರೆ ಸಾಕು, ಎಷ್ಟು ಮೇಲಿದೆ ಎಂಬುದನ್ನು ಲ್ಯಾಮ್ಡಾ ಕೇಳುವುದೇ ಇಲ್ಲ. ಹಾಗಾಗಿ 2,000 ಟನ್-ಗಂಟೆಯ ಮೂರು ಹಂಚಿಕೆಗಳು ಅದರ ಕಣ್ಣಿಗೆ ಒಂದೇ: 1,88,500, 1,90,000, 1,91,500. ಯಾವುದು ಮೊದಲು ಸಿಕ್ಕಿತೋ ಅದನ್ನು ಕೊಟ್ಟು ಕೂರುತ್ತದೆ. ಸಿಂಧನೂರಿನಿಂದ ಬಳ್ಳಾರಿಗೆ 20 ಟನ್ ಕಳಿಸುವ ಹಂಚಿಕೆ ನಿಮಗೆ ಬಂದಿದ್ದು ಹೀಗೆ.

ಆದ್ದರಿಂದ ಎರಡನೇ ಹಂತ ಕಡ್ಡಾಯ. ಲ್ಯಾಮ್ಡಾ ಬಂದ ಮೇಲೆ ಅದನ್ನು ಕೂದಲೆಳೆಯಷ್ಟು ಇಳಿಸಿ, 0.5312 ಅಂತ ಕಟ್ಟಿಹಾಕಿ (ಕರಾರುವಾಕ್ಕಾಗಿ ಅದೇ ಅಂಕಿ ಇಟ್ಟರೆ ದಶಮಾಂಶದ ದುಂಡುಗೂಡಿಕೆಯಿಂದ ಪರಿಹಾರವೇ ಇಲ್ಲ ಅನ್ನಬಹುದು). ಎರಡು ತೃಪ್ತಿ ಮಟ್ಟಗಳೂ ಅದಕ್ಕಿಂತ ಕೆಳಗೆ ಹೋಗದ ಹಾಗೆ ಇಟ್ಟುಕೊಂಡು ಎರಡರ ಮೊತ್ತವನ್ನು ಗರಿಷ್ಠ ಮಾಡಿ. 1,88,500 ತಾನಾಗಿ ಬರುತ್ತದೆ.

ಮೊತ್ತ ಅಂದೆ ಅಂತ ಮೊದಲ ಹಂತಕ್ಕೇ ಮೊತ್ತವನ್ನು ಹಾಕಬೇಡಿ. 1987ರ ಸಂಕಲನ ಮಾದರಿ ಅಂತ ಒಂದಿದೆ: ತೃಪ್ತಿ ಮಟ್ಟಗಳನ್ನು ಕೂಡಿಸಿ ಗರಿಷ್ಠ ಮಾಡುವುದು. ನಿಮ್ಮ ಅಂಕಿಗಳಲ್ಲಿ ಆ ಅಂಚಿನ ಉದ್ದಕ್ಕೂ ಮೊತ್ತ 1.112ರಲ್ಲೇ ನಿಂತಿರುತ್ತದೆ, ಯಾಕೆಂದರೆ 68,000 ಭಾಗಿಸು 640 ಅಂದರೂ 106.25. ಸಾಲ್ವರ್ ಮತ್ತೆ ಒಂದು ಮೂಲೆಗೇ ಹೋಗುತ್ತದೆ, ನೀವು ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ.

ಕೊಪ್ಪಳ_ಲೆಕ್ಕ ಉತ್ತರ:

ಇಲ್ಲಿವರೆಗೆ ಎಲ್ಲರೂ ಫಜಿ ಪ್ರೋಗ್ರಾಮಿಂಗ್ ಹೇಳಿದಿರಿ, ಗೋಲ್ ಇನ್ನೂ ಬಂದಿಲ್ಲ. 1,60,000 ಮತ್ತು 2,28,000 ಅನ್ನೋ ಎರಡು ತುದಿಗಳನ್ನು ಲೆಕ್ಕವೇ ಹುಟ್ಟಿಸಿದ್ದು. ಮಾಲೀಕರಿಗೆ 2,28,000 ಅನ್ನೋದು "ಪೂರ್ತಿ ಅತೃಪ್ತಿ" ಆಗುವ ಅಂಕಿಯಲ್ಲ, ಅದಕ್ಕಿಂತ ಎಷ್ಟೋ ಮೊದಲೇ ಬೇಡ ಅಂದಿರುತ್ತಾರೆ. ಗುರಿ (ತೃಪ್ತಿ 1 ಆಗುವ ಅಂಕಿ) ಮತ್ತು ಮಿತಿ (ತೃಪ್ತಿ 0 ಆಗುವ ಅಂಕಿ) ಎರಡನ್ನೂ ಅವರ ಬಾಯಿಂದಲೇ ಕೇಳಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ನಿಜವಾದ ನಿರ್ಧಾರ ಇದೊಂದೇ, ಮಿಕ್ಕಿದ್ದು ಗಣಿತ.

ಉದಾಹರಣೆಗೆ ಖರ್ಚಿನ ಗುರಿ 1,75,000, ಮಿತಿ 2,00,000. ಹೊತ್ತಿನ ಗುರಿ 1,900, ಮಿತಿ 2,200 ಅಂತಿಟ್ಟುಕೊಳ್ಳಿ. ಆಗ ಮಾದರಿ ಹೀಗೆ (ಕೊರತೆ ಅಂದರೆ ತೃಪ್ತಿ 1ಕ್ಕಿಂತ ಎಷ್ಟು ಕಮ್ಮಿ, ಹೆಚ್ಚುವರಿ ಅಂದರೆ 1ಕ್ಕಿಂತ ಎಷ್ಟು ಮೇಲೆ):

(2,00,000 − ಖರ್ಚು) ÷ 25,000 + ಖರ್ಚಿನ ಕೊರತೆ − ಖರ್ಚಿನ ಹೆಚ್ಚುವರಿ = 1
(2,200 − ಹೊತ್ತು) ÷ 300 + ಹೊತ್ತಿನ ಕೊರತೆ − ಹೊತ್ತಿನ ಹೆಚ್ಚುವರಿ = 1

ಎರಡು ಕೊರತೆಗಳಲ್ಲಿ ದೊಡ್ಡದನ್ನು ಕನಿಷ್ಠ ಮಾಡಿದರೆ ಖರ್ಚು ಸುಮಾರು 1,85,600, ಹೊತ್ತು 2,027 ಬರುತ್ತೆ (ಲಾರಿ ಪೂರ್ಣಾಂಕ ಹಾಕುವ ಮುಂಚೆ), ಎರಡೂ ಕಡೆ ಕೊರತೆ 0.424, ಅಂದರೆ ತೃಪ್ತಿ 0.576. ಬಾಡಿಗೆ, ಸ್ಟಾಕ್, ಬೇಡಿಕೆ ಒಂದೂ ಬದಲಾಗಿಲ್ಲ, ಮಿತಿ ಬದಲಾಗಿದ್ದಕ್ಕೇ ಖರ್ಚು ನಾಲ್ಕೂವರೆ ಸಾವಿರ ಇಳಿದು ಹೊತ್ತು 43 ಏರಿತು. 0.576 ಹಿಂದಿನ 0.556ಕ್ಕಿಂತ ಒಳ್ಳೆಯದು ಅಂತ ಮಾತ್ರ ಹೇಳಬೇಡಿ. ಅಳತೆಗೋಲೇ ಬೇರೆ, ಹೋಲಿಸೋ ಹಾಗಿಲ್ಲ.

ಹೆಚ್ಚುವರಿ ಅನ್ನೋ ಚರವನ್ನು ಬಿಟ್ಟು ಬರೆಯೋರು ಬಹಳ. ಅದನ್ನು ಬಿಟ್ಟರೆ ಖರ್ಚು 1,75,000ಕ್ಕಿಂತ ಕೆಳಗೆ ಇಳಿಯೋದನ್ನೇ ಮಾದರಿ ತಡೆಯುತ್ತೆ; ಗುರಿ ಸಡಿಲ ಇಟ್ಟಿದ್ದರೆ ಪರಿಹಾರವೇ ಇಲ್ಲ ಅನ್ನುತ್ತೆ, ಇಲ್ಲವೇ ಗುರಿ ಮುಟ್ಟಿಸೋಕೆ ಬೇಕಂತಲೇ ದುಬಾರಿ ದಾರಿ ಹಿಡಿಯುತ್ತೆ. ಹಾಗೆಯೇ ಕೊರತೆಗೆ 1ರ ಮೇಲ್ಮಿತಿ ಹಾಕಿ. ಹಾಕದಿದ್ದರೆ ಮಾಲೀಕರು ಆಗದು ಅಂದ 2,00,000 ಕೂಡ ದಾಟಬಹುದು.

ಇದೇ ಮಿತಿಗಳಲ್ಲಿ ಕೊರತೆಗಳ ಮೊತ್ತವನ್ನು ಕನಿಷ್ಠ ಮಾಡಿದರೆ ಖರ್ಚು ಸರಿಯಾಗಿ 1,75,000ಕ್ಕೆ ಬಂದು ಕೂರುತ್ತೆ, ಹೊತ್ತು 2,127ಕ್ಕೆ ಹೋಗುತ್ತೆ. ಖರ್ಚಿನ ತೃಪ್ತಿ ಪೂರ್ತಿ 1, ಹೊತ್ತಿನದು 0.243. ಮೊತ್ತ ಜಾಸ್ತಿ ಆಯ್ತು ನಿಜ, ಆದರೆ ರಾಯಚೂರಿನ ವ್ಯಾಪಾರಿ ಕಾಯ್ತಾನೇ ಇರ್ತಾನೆ. ಒಂದು ಗುರಿಯನ್ನು ಬಲಿಕೊಟ್ಟು ಇನ್ನೊಂದನ್ನು ತುಂಬಿಸೋದು ಮೊತ್ತದ ಸ್ವಭಾವ.

ಸಿರುಗುಪ್ಪ_ಲೋಡ್:

ಕೊಪ್ಪಳದ ಅಣ್ಣಾರು ಹೇಳಿದ್ದು ಖರೆ. ಅದರ ಮ್ಯಾಲ ಒಂದು: ಈ ಟನ್-ಗಂಟೆ ಅನ್ನೋದು ಒಟ್ಟು ಲೆಕ್ಕ, ಒಂದೊಂದು ಲಾರಿಯ ಕಥಿ ಅದ್ರಾಗ ಕಾಣಂಗಿಲ್ಲ. 1,88,500ರ ಹಂಚಿಕೆಯೊಳಗ ಐದು ಲಾರಿ ಗಂಗಾವತಿಯಿಂದ ಕೊಪ್ಪಳಕ್ಕ 9 ತಾಸು ತಗೊಂತಾವು. ಕೊಪ್ಪಳದವರು ಎಂಟು ತಾಸಿನ ಮ್ಯಾಲ ಮಾಲು ಇಳಿಸ್ಕೊಳ್ಳಂಗಿಲ್ಲ ಅಂದ್ರ ಮೊತ್ತ ಎಷ್ಟು ಚಂದಿದ್ರೂ ಉಪಯೋಗಿಲ್ಲ, ಹಾಲ್ಟಿಂಗ್ (ಲಾರಿ ಕಾದು ನಿಂತಿದ್ದಕ್ಕ ಬಾಡಿಗೆ) ಬೀಳ್ತೈತಿ. ಆ ದಾರಿ ಪೂರ್ತಿ ಮುಚ್ಚಿದ್ರ ಕನಿಷ್ಠ ಖರ್ಚೇ 1,60,000ದಿಂದ 2,16,000ಕ್ಕ ಜಿಗೀತೈತಿ. ಅದಕ್ಕ ಮುಚ್ಚೋಕ್ಕಿಂತ ಮೊದಲು ಆ ಒಂದು ದಾರಿಗೆ ನೇರ ಲಾರಿ ಹಿಡಿದ್ರ ಟನ್ನಿಗೆ ಎಷ್ಟು ಬೀಳ್ತೈತಿ ಕೇಳ್ರಿ, ಅದನ್ನ ಹತ್ತನೇ ದಾರಿ ಅಂತ ಹಾಕ್ರಿ. ಒಂದೇ ಊರಿಂದ ಒಂದೇ ಊರಿಗೆ ಎರಡು ದಾರಿ, ಎರಡು ಬಾಡಿಗೆ, ಎರಡು ಹೊತ್ತು. ಮಾದರಿ ಏನೂ ತಕರಾರು ಮಾಡಂಗಿಲ್ಲ.

ಅಳತಿ ಬಗ್ಗೆ ಹುಷಾರ್ರಿ. ಭತ್ತ 75 ಕೆಜಿ ಚೀಲದ ಲೆಕ್ಕ, ಅಕ್ಕಿ 25 ಕೆಜಿ ಪಾಕೀಟು, ಬಾಡಿಗೆ ಒಮ್ಮೆ ಕ್ವಿಂಟಲ್‌ಗೆ ಒಮ್ಮೆ ಟನ್ನಿಗೆ. 10 ಟನ್ ಅಕ್ಕಿ ಅಂದ್ರ 400 ಪಾಕೀಟು. ಒಂದು ಸಾಲು ಕ್ವಿಂಟಲ್ ದರದಾಗ ಉಳಿದುಬಿಟ್ರ ಆ ದಾರಿ ಹತ್ತುಪಟ್ಟು ಅಗ್ಗ ಕಾಣ್ತೈತಿ, ಎಲ್ಲಾ ಮಾಲೂ ಅಲ್ಲೇ ಹೋಗ್ತೈತಿ. ಉತ್ತರದಾಗ ಒಂದು ದಾರಿ ಗಕ್ಕನ ತುಂಬಿತಂದ್ರ ಮೊದಲು ಅಳತಿ ನೋಡ್ರಿ.

ಗಂಗಾವತಿ_ಡಿಸ್ಪ್ಯಾಚ್:

ಎರಡನೇ ಹಂತ ಓಡಿಸಿದ ಮೇಲೆ 1,88,500 ಬಂತು, ಎಲ್ಲರಿಗೂ ಧನ್ಯವಾದ. ಕೊನೇದಾಗಿ ಎರಡು ಕೇಳ್ತೀನಿ. ಬೇಡಿಕೆಯೂ "ಸುಮಾರು 120" ಅಂತಲೇ ಬರೋದು, ಅದನ್ನೂ ಫಜಿ ಮಾಡಬೇಕಾ? ಸುಗ್ಗಿಯಲ್ಲಿ ಬಾಡಿಗೆ ದಿನಕ್ಕೊಂದು ಇರುತ್ತೆ, ಅದಕ್ಕೇನು?

ಕೊಪ್ಪಳ_ಲೆಕ್ಕ:

ಬೇಡಿಕೆ ಸಡಿಲ ಮಾಡೋ ಮುಂಚೆ ಒಂದು ವಿಷಯ ಗಮನಿಸಿ. ಖರ್ಚನ್ನು ಕಡಿಮೆ ಮಾಡೋಕೆ ಅತಿ ಸುಲಭದ ದಾರಿ ಮಾಲೇ ಕಳಿಸದಿರೋದು. ರಾಯಚೂರಿಗೆ 108ರಿಂದ 120ರವರೆಗೆ ನಡೆಯುತ್ತೆ ಅಂತ ಬಿಟ್ಟರೆ ಕನಿಷ್ಠ ಖರ್ಚಿನ ಹಂಚಿಕೆಯಲ್ಲಿ ಗಂಗಾವತಿ–ರಾಯಚೂರು ದಾರಿಯ 12 ಟನ್ ಸದ್ದಿಲ್ಲದೆ ಕಡಿತ ಆಗುತ್ತೆ, 10,800 ರೂ. "ಉಳಿತಾಯ" ತೋರಿಸುತ್ತೆ. ಲ್ಯಾಮ್ಡಾ ಏರಿರುತ್ತೆ, ಸಾಗಣೆ ಒಂದಿಷ್ಟೂ ಸುಧಾರಿಸಿರಲ್ಲ.

ಬೇಡಿಕೆಯನ್ನು ಸಡಿಲ ಬಿಡೋದಾದರೆ ಅದನ್ನೇ ಮೂರನೇ ಗುರಿ ಮಾಡಿ, ತೃಪ್ತಿ (ತಲುಪಿದ್ದು − 108) ÷ 12. ಮತ್ತು ಅದಕ್ಕೆ ಮೊದಲ ಆದ್ಯತೆ ಕೊಡಿ: ಮೊದಲ ಓಟದಲ್ಲಿ ಬೇಡಿಕೆಯ ಕೊರತೆ ಮಾತ್ರ ಕನಿಷ್ಠ, ಬಂದ ಅಂಕಿಯನ್ನು ಕಟ್ಟಿಹಾಕಿ ಎರಡನೇ ಓಟದಲ್ಲಿ ಖರ್ಚು ಮತ್ತು ಹೊತ್ತು. ಸ್ಟಾಕ್ ಬೇಡಿಕೆಗಿಂತ ಕಡಿಮೆ ಇರುವ ವಾರಗಳಲ್ಲಿ ಇದು ನಿಜಕ್ಕೂ ಕೆಲಸಕ್ಕೆ ಬರುತ್ತೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಅಚ್ಚುಕಟ್ಟಿನಲ್ಲಿ ಭತ್ತ ಎಷ್ಟು ಬರುತ್ತೆ ಅಂತ ಒಂದೇ ಅಂಕಿ ಹೇಳೋದು ಯಾರಿಗೂ ಸಾಧ್ಯ ಇರಲಿಲ್ಲ. ಅಂಥ ವರ್ಷ ಸ್ಟಾಕ್ ಕೂಡ ಒಂದು ವ್ಯಾಪ್ತಿಯೇ. ಸ್ಟಾಕ್ ಸಾಕಷ್ಟು ಇದ್ದಾಗ ಬೇಡಿಕೆಯನ್ನು ಗಟ್ಟಿಯಾಗೇ ಇಡಿ.

ಮೂರು ಗುರಿ ಆದಮೇಲೆ ಒಂದೊಂದನ್ನೇ ಕನಿಷ್ಠ ಮಾಡಿ ತುದಿ ಹುಡುಕೋ ಮೊದಲಿನ ಉಪಾಯವನ್ನು ನಂಬಬೇಡಿ. ಎರಡು ಗುರಿಗೆ ಅದು ಸರಿ. ಮೂರಾದರೆ ಆ ಪಟ್ಟಿಯ ಅತಿ ಕೆಟ್ಟ ಅಂಕಿ ನಿಜವಾದ ಕೆಟ್ಟ ಮಿತಿ ಆಗಿರಬೇಕಂತಿಲ್ಲ, ತೃಪ್ತಿಯ ಗೆರೆ ತಪ್ಪು ಜಾಗದಲ್ಲಿ ಶುರುವಾಗುತ್ತೆ. ಮಿತಿಯನ್ನು ಕೇಳಿ ಬರೆಯಿರಿ ಅಂದಿದ್ದು ಅದಕ್ಕೂ ಸೇರಿ.

ರಾಯಚೂರು_ಓಆರ್:

ಬಾಡಿಗೆಗೆ ತ್ರಿಕೋನ ಅಂಕಿ ಬಳಸಿ: ಕಡಿಮೆ, ಸಾಮಾನ್ಯ, ಹೆಚ್ಚು. ಸಿಂಧನೂರು–ರಾಯಚೂರು 550, 600, 700 ಅಂದರೆ (550 + 2 × 600 + 700) ÷ 4 = 612.5. ಇದನ್ನು 600ರ ಜಾಗದಲ್ಲಿ ಹಾಕಬಹುದು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ವ್ಯಾಪ್ತಿ ಪೂರ್ತಿ ಸರಾಸರಿಯೊಳಗೆ ಅಳಿಸಿಹೋಗುತ್ತದೆ, ಬಾಡಿಗೆ ಏರಿದ ದಿನ ಹಂಚಿಕೆ ತಡೆದುಕೊಳ್ಳುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಹಂಚಿಕೆ ಸಿಕ್ಕ ಮೇಲೆ ಅದನ್ನು ಬದಲಿಸದೆ, ಎಲ್ಲ ದಾರಿಗೂ ಹೆಚ್ಚಿನ ಬಾಡಿಗೆ ಹಾಕಿ ಖರ್ಚನ್ನು ಮತ್ತೆ ಕೂಡಿಸಿ ನೋಡಿ. 2,00,000ದ ಮಿತಿ ದಾಟಿದರೆ ಹೆಚ್ಚಿನ ಬಾಡಿಗೆಯಿಂದಲೇ ಮಾದರಿಯನ್ನು ಮತ್ತೆ ಓಡಿಸಿ, ಎರಡೂ ಹಂಚಿಕೆಗಳಲ್ಲಿ ಬದಲಾಗದೆ ಉಳಿದ ದಾರಿಗಳಿಗೆ ಲಾರಿ ಮೊದಲೇ ಗೊತ್ತು ಮಾಡಿ. ಬದಲಾಗುವ ದಾರಿಗಳನ್ನು ಹಿಂದಿನ ಸಂಜೆಯವರೆಗೆ ತಡೆಹಿಡಿಯಬಹುದು.

ಮುಂದೆ ಇದೇ ಶೀಟಿಗೆ ಖರೀದಿ ಕೇಂದ್ರದಿಂದ ಮಿಲ್‌ಗೆ ಬರುವ ಭತ್ತವನ್ನೂ ಸೇರಿಸುವುದಾದರೆ ಮಿಲ್‌ನ ಸಾಲಿನಲ್ಲಿ ಬಂದದ್ದು = ಹೋದದ್ದು ಅಂತ ಬರೆಯಬೇಡಿ. ಸರ್ಕಾರಿ ಲೆಕ್ಕದಲ್ಲಿ ಬೆಳ್ತಿಗೆ ಅಕ್ಕಿಗೆ ನೂರಕ್ಕೆ 67, ಕುಚಲಕ್ಕಿಗೆ 68. 0.67 × ಬಂದ ಭತ್ತ = ಹೋದ ಅಕ್ಕಿ. ಖಾಸಗಿ ಸೋನಾ ಮಸೂರಿಗೆ ನಿಮ್ಮ ಮಿಲ್‌ನ ಇಳುವರಿ ಏನಿದೆಯೋ ಅದನ್ನೇ ಹಾಕಿ. ತೇವಾಂಶ ಜಾಸ್ತಿ ಇರುವ ಹೊಸ ಭತ್ತಕ್ಕೆ ಬೇರೆ ಅಂಕಿ ಬೇಕಾಗುತ್ತದೆ.